ಮೆಷಿನ್ ಮಾರಿದ ಹುಡುಗ

ಮೇಡಂ, ನಮಸ್ಕಾರ. ಬಸ್‌ಸ್ಟ್ಯಾಂಡ್‌ನಲ್ಲಿ ಚಿಂದಿ ಆಯುತ್ತಿದ್ದ ಹುಡುಗನನ್ನು ನೀವು ಗೆಳತಿಯರೆಲ್ಲ ಸೇರಿ ಆರು ತಿಂಗಳು ಟೈಲರಿಂಗ್ ಕಲಿಯಲು ಕಳಿಸಿದಿರಿ. ಹದಿನೆಂಟು ತುಂಬಿದ ಮೇಲೆ ಮೆಷಿನ್ ಕೊಡಿಸಿದಿರಿ. ಸ್ವಲ್ಪ ದಿನಕ್ಕೇ ಅವನು ಅದನ್ನು ಮಾರಿ ಮತ್ತೆ ಬೀದಿ ಸೇರಿದ. 'ಇಂಥವರಿಗೆ ಕೆಲಸ ಕಲಿಸಿ ಏನು ಪ್ರಯೋಜನ?' ಎಂದು ಕೇಳಿದ್ದೀರಿ. ನಿಮ್ಮ ಬೇಜಾರು ಅರ್ಥವಾಗುತ್ತದೆ.

ಪ್ರಯೋಜನ ಖಂಡಿತ ಇದೆ. ಆದರೆ ಆ ಮೆಷಿನ್ ಇಡೋಕೆ ಅವನಿಗೆ ಜಾಗ ಇತ್ತಾ? ರೂಮು ಕೇಳಲು ಹೋದರೆ ಅಡ್ವಾನ್ಸ್ ಕೇಳುತ್ತಾರೆ, ಆಧಾರ್ ಕೇಳುತ್ತಾರೆ, ಅಪ್ಪ ಅಮ್ಮ ಎಲ್ಲಿದ್ದಾರೆ ಅಂತಲೂ ಕೇಳುತ್ತಾರೆ. ಮನೆ ವಿಳಾಸವೇ ಇಲ್ಲದ ಹುಡುಗನ ಕೈಗೆ ಬ್ಲೌಸ್ ಪೀಸ್ ಕೊಟ್ಟು ಹೋಗುವವರು ಯಾರು? ಮಾರದೆ ಅವನು ಇನ್ನೇನು ಮಾಡಬೇಕಿತ್ತು ಅನ್ನುವುದು ನನಗೆ ಹೊಳೆಯುತ್ತಿಲ್ಲ.

ದುಡ್ಡಿನ ವಿಷಯವೂ ಇದೆ. ಚೀಲದಲ್ಲಿ ಆಯ್ದು ತಂದದ್ದನ್ನು ಗುಜರಿಯವನು ಸಂಜೆ ತೂಗಿ, ಆಗಲೇ ಕೈಗೆ ಕಾಸು ಕೊಡುತ್ತಾನೆ. ಅದನ್ನು ರಾತ್ರಿಯೊಳಗೆ ಖರ್ಚು ಮಾಡದಿದ್ದರೆ ಮಲಗಿದಾಗ ಯಾರೋ ಕಿತ್ತುಕೊಳ್ಳುತ್ತಾರೆ. ಹೀಗೆ ಬೆಳೆದವನಿಗೆ 'ತಿಂಗಳ ಕೊನೆಗೆ ಸಂಬಳ' ಅಂದರೆ ನಂಬಿಕೆ ಬರುವುದು ಕಷ್ಟ ಅಲ್ವಾ? ದೆಹಲಿಯ ಬಟರ್‌ಫ್ಲೈಸ್ ಸಂಸ್ಥೆ 2001ರಲ್ಲಿ ಬೀದಿ ಮಕ್ಕಳಿಗಾಗಿಯೇ ಒಂದು ಉಳಿತಾಯ ಬ್ಯಾಂಕ್ ಶುರು ಮಾಡಿತು. ಮಕ್ಕಳೇ ಮ್ಯಾನೇಜರ್‌ಗಳು, ಲೆಕ್ಕ ಬರೆಯುವುದೂ ಅವರೇ. ಇಟ್ಟ ದುಡ್ಡು ನಾಳೆಯೂ ಇರುತ್ತದೆ ಅನ್ನುವ ಧೈರ್ಯ ಕೂಡ ಅವರಿಗೆ ಹೊಸದಾಗಿ ಬರಬೇಕು.

ಯಾವ ಕೆಲಸಕ್ಕೆ ಹಾಕುತ್ತೇವೆ ಅನ್ನುವುದನ್ನೂ ಹತ್ತಿರದಿಂದ ನೋಡಬೇಕು. ಪಂಕ್ಚರ್ ಅಂಗಡಿ ಅಂದರೆ ಬೇಗ ಕಲಿಯುವ ಕೆಲಸ ಅಂತ ಎಷ್ಟೋ ಜನ ಅಲ್ಲಿಗೇ ಸೇರಿಸುತ್ತಾರೆ. ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಬಂದ ಜಾಗ ಗುರುತು ಮಾಡಿ, ಉಜ್ಜಿ, ಸಲ್ಯೂಷನ್ ಅನ್ನುವ ಅಂಟು ಹಚ್ಚಿ ಪ್ಯಾಚ್ ಒತ್ತುವುದು. ಹಸಿವು, ಚಳಿ ಮರೆಯಲು ಬೀದಿಯಲ್ಲಿ ಎಷ್ಟೋ ಮಕ್ಕಳು ಬಟ್ಟೆಗೆ ಹಚ್ಚಿಕೊಂಡು ಮೂಸುವುದು ಇದೇ ಸಲ್ಯೂಷನ್ನು. ಆ ಚಟ ಈಗಷ್ಟೇ ಬಿಟ್ಟವನನ್ನು ದಿನವಿಡೀ ಅದರ ಮುಂದೆ ಕೂರಿಸುವುದು ಕ್ರೂರ. ಥಿನ್ನರ್ ಬಳಸುವ ಪೇಂಟಿಂಗ್, ಗಮ್ಮಿನ ಚಪ್ಪಲಿ ಕೆಲಸಕ್ಕೂ ಇದೇ ಮಾತು. ಆ ದೃಷ್ಟಿಯಿಂದ ನೀವು ಟೈಲರಿಂಗ್ ಆರಿಸಿದ್ದು ಒಳ್ಳೆಯದೇ ಆಯಿತು.

ಬೀದಿ ಮಕ್ಕಳಿಗಾಗಿ ಕೆಲಸ ಮಾಡುವ ಬೆಂಗಳೂರಿನ ಬಾಸ್ಕೊ, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ, 1980ರಲ್ಲಿ ಶುರುವಾದದ್ದು ಕೆಲಸ ಕಲಿಸುವುದರಿಂದ ಅಲ್ಲ. ಮಕ್ಕಳು ಇರುವ ಬೀದಿಗೇ ಹೋಗಿ ಪರಿಚಯ, ಸ್ನೇಹ ಮಾಡಿಕೊಳ್ಳುವುದರಿಂದ. ನಮ್ಮಲ್ಲಿ ದಾನಿಗಳು ತರಬೇತಿಗೆ ಖುಷಿಯಿಂದ ಕೊಡುತ್ತಾರೆ, ಸರ್ಟಿಫಿಕೇಟ್ ಹಂಚುವಾಗ ಫೋಟೊಗೂ ನಿಲ್ಲುತ್ತಾರೆ. ಆಮೇಲಿನ ಒಂದು ವರ್ಷದ ರೂಮು ಬಾಡಿಗೆಗೆ, ಜ್ವರ ಬಂದಾಗಿನ ಖರ್ಚಿಗೆ ಯಾರೂ ಕೊಡುವುದಿಲ್ಲ. ಹುಡುಗರು ಕೈತಪ್ಪಿ ಹೋಗುವುದು ಆ ಒಂದು ವರ್ಷದಲ್ಲೇ. ನನ್ನನ್ನು ಕೇಳಿದರೆ ದುಡ್ಡು ಜಾಸ್ತಿ ಬೇಕಾದದ್ದು ಅಲ್ಲಿಗೆ.

ಕಾನೂನಿನಲ್ಲೂ ಇದಕ್ಕೆ ದಾರಿ ಇದೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಬಾಲಮಂದಿರದಂಥ ಕಡೆಯಿಂದ ಹದಿನೆಂಟಕ್ಕೆ ಹೊರಬರುವವರಿಗೆ ಮುಂದೆಯೂ ನೆರವು ಕೊಡಬಹುದು. ಆದರೆ ನಿಮ್ಮ ಹುಡುಗನಂತೆ ನೇರ ಬೀದಿಯಲ್ಲೇ ಹದಿನೆಂಟು ತುಂಬಿದವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಇನ್ನು ಮುಂದೆ ಚಿಕ್ಕ ಮಕ್ಕಳು ಕಂಡರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಅವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುವಂತೆ ನೋಡಿಕೊಳ್ಳಿ. ಹದಿನಾಲ್ಕು ತುಂಬದವರನ್ನು ಯಾವ ಅಂಗಡಿಗೂ ಕೆಲಸಕ್ಕೆ ಸೇರಿಸಬೇಡಿ. ಅವರಿಗೆ ಬೇಕಾದದ್ದು ಶಾಲೆ.

ಈ ಹುಡುಗನನ್ನು ಮತ್ತೆ ಹುಡುಕಿ, ಮೇಡಂ. ಗುಜರಿ ಅಂಗಡಿಯವನಿಗೆ ಅವನು ಎಲ್ಲಿದ್ದಾನೆ ಅಂತ ಗೊತ್ತಿರುತ್ತದೆ. ಸಿಕ್ಕಾಗ ಮೆಷಿನ್ ಮಾತು ಎತ್ತಬೇಡಿ, ಊಟ ಆಯ್ತಾ ಅಂತ ಕೇಳಿ. ಪರಿಚಯದ ಟೈಲರ್ ಒಬ್ಬರ ಹತ್ತಿರ ಕಾಜಾ, ಹೆಮ್ಮಿಂಗ್ ಕೆಲಸಕ್ಕೆ ಹಾಕಿ, ಮೊದಮೊದಲು ಸಂಬಳ ದಿನದಿನಕ್ಕೇ ಕೊಡಲು ಹೇಳಿ. ಇನ್ನೊಂದು ಮೆಷಿನ್ ಕೊಡಿಸುವ ದುಡ್ಡಿದ್ದರೆ ಅದನ್ನು ರೂಮಿನ ಅಡ್ವಾನ್ಸ್‌ಗೆ ಕೊಡಿ. ಆಧಾರ್ ಮಾಡಿಸಲು ನಿಮ್ಮಲ್ಲಿ ಯಾರಾದರೂ ಜೊತೆಗೆ ಹೋಗಿ. ಒಬ್ಬನನ್ನೇ ಕಳಿಸಿದರೆ ಅವನು ಕೌಂಟರ್‌ನಿಂದಲೇ ವಾಪಸ್ ಬಂದುಬಿಡುತ್ತಾನೆ.

ಸಂಪಾದಕ