ಪ್ರಶ್ನೋತ್ತರ: ಹೆಡರ್ ಪ್ಯಾಕಿಂಗ್ ಪದೇ ಪದೇ ಸುಡುವುದೇಕೆ?

ಪ್ರಶ್ನೆ: ಜಿಪ್ಸಿ ಕಿಂಗ್‌ನ 1.3 ಲೀಟರ್ ಎಂಜಿನ್‌ನಿಂದ ಹೊಗೆ ಹೊರಹೋಗುವ ಕಂಪನಿಯ ಮ್ಯಾನಿಫೋಲ್ಡ್ ತೆಗೆದು ಸ್ಟೇನ್‌ಲೆಸ್ ಸ್ಟೀಲಿನ 4-2-1 ಹೆಡರ್ (ನಾಲ್ಕು ಹೊಗೆ ಪೈಪುಗಳು ಎರಡಾಗಿ, ಆಮೇಲೆ ಒಂದಾಗುವ ಜೋಡಣೆ) ಕೂರಿಸಿದ್ದೇವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕ್ ಟಕ್ ಸದ್ದು ಬರುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ. ಹೆಡರ್ ಮತ್ತು ಎಂಜಿನ್ ನಡುವೆ ಕೂರುವ ಪ್ಯಾಕಿಂಗ್ (ಗ್ಯಾಸ್ಕೆಟ್) ಈಗಾಗಲೇ ಮೂರು ಬದಲಾಯಿಸಿದ್ದಾಯಿತು. ಪ್ರತಿ ಸಲವೂ ಒಂದನೇ ಮತ್ತು ನಾಲ್ಕನೇ ಸಿಲಿಂಡರ್ ಹತ್ತಿರವೇ ಸುಡುತ್ತದೆ. ಯಾವ ಪ್ಯಾಕಿಂಗ್ ಹಾಕಿದರೆ ಬಾಳಿಕೆ ಬರುತ್ತದೆ?
— ಓದುಗರು, ಚಿಕ್ಕಮಗಳೂರು

ಉತ್ತರ: ನಾಲ್ಕನೆಯದನ್ನು ಕೊಳ್ಳುವ ಮೊದಲು ಹೆಡರ್ ಬಿಚ್ಚಿ, ಅದರ ಫ್ಲ್ಯಾಂಜ್ (ಎಂಜಿನ್‌ಗೆ ಒತ್ತಿ ಕೂರುವ ದಪ್ಪ ಪ್ಲೇಟು) ಮೇಲೆ ಉದ್ದಕ್ಕೆ ಒಂದು ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಲೋಹದ ಪಟ್ಟಿ) ಇಟ್ಟು ನೋಡಿ. ಎರಡೂ ತುದಿಗಳಲ್ಲೇ ಸುಡುತ್ತಿದೆ ಎಂದರೆ ಬಹುಮಟ್ಟಿಗೆ ಫ್ಲ್ಯಾಂಜ್ ಬಾಗಿದೆ. ಪ್ಯಾಕಿಂಗ್ ಬರೀ ಬಲಿಪಶು. ಪೈಪುಗಳನ್ನು ವೆಲ್ಡ್ ಮಾಡುವುದು ಫ್ಲ್ಯಾಂಜಿನ ಒಂದೇ ಬದಿಗೆ. ವೆಲ್ಡ್ ಆರುವಾಗ ಕುಗ್ಗಿ ಆ ಬದಿಯನ್ನು ಎಳೆಯುತ್ತದೆ, ತುದಿಗಳು ಸಿಲಿಂಡರ್ ಹೆಡ್‌ನಿಂದ ದೂರಕ್ಕೆ ಬಾಗುತ್ತವೆ. ನಟ್ಟು ಬಿಗಿದಾಗ ಕೂತಂತೆ ಕಂಡರೂ ಅಲ್ಲಿ ಒತ್ತಡ ಸಾಲದು. ತಣ್ಣಗಿದ್ದಾಗ ಆ ಸಂದಿನಿಂದ ಹೊಗೆ ನುಗ್ಗುವುದೇ ನಿಮಗೆ ಕೇಳುವ ಟಕ್ ಟಕ್. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚಿದಾಗ ಸದ್ದು ನಿಲ್ಲುತ್ತದೆ. ಸೋರಿಕೆ ವಾಸಿಯಾಗಿದೆ ಎಂದುಕೊಳ್ಳಬೇಡಿ.

ಸ್ಟ್ರೈಟ್ ಎಡ್ಜ್ ಕೆಳಗೆ 0.10 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಎಲ್ಲೂ ತೂರಬಾರದು. ಹೆಡ್‌ನ ಮುಖವನ್ನೂ ಹಾಗೆಯೇ ಅಳೆಯಿರಿ. ತೂರಿದರೆ ಫ್ಲ್ಯಾಂಜನ್ನು ಸರ್ಫೇಸ್ ಗ್ರೈಂಡಿಂಗ್‌ಗೆ ಕೊಡಿ. ಅರೆದ ಮೇಲೆ ದಪ್ಪ 8 ಮಿ.ಮೀ.ಗಿಂತ ಕಡಿಮೆಯಾಗುವಂತಿದ್ದರೆ ಹೊಸ ಫ್ಲ್ಯಾಂಜ್ ಮಾಡಿಸುವುದೇ ಲೇಸು. 10 ಮಿ.ಮೀ. ಪ್ಲೇಟಿನಿಂದ ಶುರು ಮಾಡಿ. ಅಗ್ಗದ ಹೆಡರ್‌ಗಳಲ್ಲಿ ಬರುವ 6 ಮಿ.ಮೀ. ಪ್ಲೇಟು ಎರಡು ಸ್ಟಡ್‌ಗಳ (ಹೆಡ್‌ನಲ್ಲಿ ನೆಟ್ಟ, ನಟ್ಟು ಬಿಗಿಯುವ ತಿರುಪು ಕಡ್ಡಿಗಳ) ನಡುವೆಯೇ ಬಾಗುತ್ತದೆ. ವೆಲ್ಡ್ ಮಾಡುವಾಗ ಅದನ್ನು ಹಳೆಯ ಸಿಲಿಂಡರ್ ಹೆಡ್‌ಗೋ 20 ಮಿ.ಮೀ. ದಪ್ಪದ ಪ್ಲೇಟಿಗೋ ಬೋಲ್ಟ್ ಮಾಡಿರಬೇಕು. ಒಂದು ಪೈಪು ಬಿಟ್ಟು ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪವೇ ವೆಲ್ಡ್ ಹಾಕಿ, ಪೂರ್ತಿ ಆರಿದ ಮೇಲೆ ಬಿಚ್ಚಬೇಕು. ಆತುರಕ್ಕೆ ನೀರು ಸುರಿಯುವ ವೆಲ್ಡರ್ ಆದರೆ ಬೇರೆಯವರನ್ನು ಹುಡುಕಿ.

ಇನ್ನೊಂದು ಕಾರಣ ಹಿಗ್ಗುವಿಕೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ತುದಿಯ ಸ್ಟಡ್‌ಗಳ ನಡುವಿನ ದೂರ ಸುಮಾರು 350 ಮಿ.ಮೀ. ಎಂದಿಟ್ಟುಕೊಳ್ಳಿ. ಫ್ಲ್ಯಾಂಜಿನ ಉಷ್ಣತೆ 350 ಡಿಗ್ರಿ ಏರಿದರೆ 304 ದರ್ಜೆಯ ಸ್ಟೇನ್‌ಲೆಸ್ 2 ಮಿ.ಮೀ.ಗಿಂತ ತುಸು ಹೆಚ್ಚೇ ಉದ್ದವಾಗುತ್ತದೆ. ಅಲ್ಯೂಮಿನಿಯಂ ಹೆಡ್‌ನ ಹಿಗ್ಗುವ ಗುಣ ಅದಕ್ಕಿಂತ ಹೆಚ್ಚು ನಿಜ, ಆದರೆ ಒಳಗೆ ನೀರು ಹರಿಯುವುದರಿಂದ ಅದು 80 ಡಿಗ್ರಿಯಷ್ಟೇ ಏರಿ 0.6 ಮಿ.ಮೀ. ಹಿಗ್ಗುತ್ತದೆ. ವ್ಯತ್ಯಾಸ 1.4 ಮಿ.ಮೀ., ಅಂದರೆ ನಡುವಿನಿಂದ ಎರಡೂ ತುದಿಗೆ ತಲಾ 0.7. ಎಂ8 (8 ಮಿ.ಮೀ.) ಸ್ಟಡ್‌ಗೆ 8.5 ಮಿ.ಮೀ. ತೂತು ಕೊರೆದಿದ್ದರೆ ಸಿಗುವ ಜಾಗ ಬದಿಗೆ ಕಾಲು ಮಿ.ಮೀ. ಮಾತ್ರ. ಆಮೇಲೆ ಫ್ಲ್ಯಾಂಜ್ ಬಾಗಬೇಕು, ಇಲ್ಲವೇ ಸ್ಟಡ್ ತುಂಡಾಗಬೇಕು. ನಡುವಿನ ತೂತುಗಳನ್ನು 8.5 ಮಿ.ಮೀ.ಗೇ ಬಿಡಿ, ತುದಿಯವನ್ನು 10ಕ್ಕೆ ಹಿಗ್ಗಿಸಿ 3 ಮಿ.ಮೀ. ದಪ್ಪದ ವಾಷರ್ ಹಾಕಿ. ಪೈಪು ಸ್ಟೇನ್‌ಲೆಸ್ ಇದ್ದರೂ ಫ್ಲ್ಯಾಂಜನ್ನು ಮೈಲ್ಡ್ ಸ್ಟೀಲಿನಲ್ಲಿ ಮಾಡಿಸಿದರೆ ಈ ವ್ಯತ್ಯಾಸ ಸುಮಾರು 0.8 ಮಿ.ಮೀ.ಗೆ ಇಳಿಯುತ್ತದೆ. ತುಕ್ಕು ಹಿಡಿಯುತ್ತದೆ ಎಂದು ಮೂಗು ಮುರಿಯುವವರಿದ್ದಾರೆ, 10 ಮಿ.ಮೀ. ಪ್ಲೇಟು ತುಕ್ಕಿಗೆ ಕರಗುವಷ್ಟರಲ್ಲಿ ನಿಮ್ಮ ಎಂಜಿನ್ನೇ ಎರಡು ಸಲ ಬಿಚ್ಚಿರುತ್ತದೆ.

ಹೆಡರಿನ ಭಾರವೆಲ್ಲ ಸ್ಟಡ್‌ಗಳ ಮೇಲೆ ನೇತಾಡುತ್ತಿದೆಯೇ, ಅದನ್ನೂ ನೋಡಿ. ಎಸ್ಟೇಟ್ ರಸ್ತೆಯ ಗುಂಡಿಗಳಲ್ಲಿ ಉದ್ದದ ಪೈಪು ಸನ್ನೆಗೋಲಿನ ಹಾಗೆ ಪ್ಯಾಕಿಂಗನ್ನು ಎಬ್ಬುತ್ತದೆ. ಪೈಪುಗಳೆಲ್ಲ ಒಂದಾಗುವಲ್ಲಿ ಗೇರ್‌ಬಾಕ್ಸ್‌ನಿಂದ ಒಂದು ಬ್ರಾಕೆಟ್, ಅದರ ಹಿಂದೆ ಒಂದು ಫ್ಲೆಕ್ಸಿಬಲ್ ಪೈಪು ಇರಲೇಬೇಕು. ಬ್ರಾಕೆಟ್ಟನ್ನು ಚಾಸಿಗೆ ಕಟ್ಟಬೇಡಿ, ಎಂಜಿನ್ ಅಲುಗಿದಾಗಲೆಲ್ಲ ಅದು ಹೆಡರನ್ನು ಜಗ್ಗುತ್ತದೆ.

ಪ್ರಶ್ನೆ: ತಾಮ್ರ, ಗ್ರಾಫೈಟ್, ಹಲವು ಪದರದ ಸ್ಟೀಲ್: ಇವುಗಳಲ್ಲಿ ಯಾವುದು ಒಳ್ಳೆಯದು? ಜೊತೆಗೆ ಸಿಲಿಕೋನ್ ಬಾಂಡ್ (ಸಂದು ಮುಚ್ಚುವ ಅಂಟು) ಹಚ್ಚಬಹುದೇ?
— ಓದುಗರು, ಬೆಂಗಳೂರು

ಉತ್ತರ: ಮುಖಗಳು ಎಷ್ಟು ಸಮತಟ್ಟಾಗಿವೆ ಎಂಬುದರ ಮೇಲೆ ಆಯ್ಕೆ ನಿಂತಿದೆ. ನಡುವೆ ಸ್ಟೀಲ್ ಹಾಳೆಯಿರುವ ಗ್ರಾಫೈಟ್ ಪ್ಯಾಕಿಂಗ್ ಸಣ್ಣಪುಟ್ಟ ಗೀರು, ತಗ್ಗುಗಳನ್ನು ತುಂಬಿಕೊಳ್ಳುತ್ತದೆ. ರಸ್ತೆಯ ಮೇಲೆ ಓಡುವ ಗಾಡಿಗೆ ಇದೇ ಸಾಕು. ಆದರೆ 450 ಡಿಗ್ರಿ ದಾಟಿದ ಕಡೆ ಗಾಳಿ ತಾಗಿದರೆ ಗ್ರಾಫೈಟ್ ನಿಧಾನವಾಗಿ ಉರಿದುಹೋಗುತ್ತದೆ. ಒಮ್ಮೆ ಸೋರತೊಡಗಿದರೆ ಆಮೇಲೆ ಬೇಗ ಹಾಳಾಗುವುದು ಇದಕ್ಕೇ. ಹಲವು ಪದರದ ಸ್ಟೀಲ್ ಪ್ಯಾಕಿಂಗ್ ಟರ್ಬೊ ಎಂಜಿನ್‌ಗೂ ತಡೆಯುತ್ತದೆ, ಅದರ ಉಬ್ಬುಗೆರೆಗಳು ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗುತ್ತವೆ. ಮುಖ 0.05 ಮಿ.ಮೀ. ಒಳಗೆ ಸಮವಾಗಿ ನುಣುಪಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಬಾಗಿದ ಫ್ಲ್ಯಾಂಜಿಗೆ ದುಬಾರಿ ಸ್ಟೀಲ್ ಪ್ಯಾಕಿಂಗ್ ಹಾಕಿದರೆ ಅಗ್ಗದ್ದಕ್ಕಿಂತ ಹೆಚ್ಚು ಸೋರುತ್ತದೆ.

ಹೆಡರನ್ನು ಆಗಾಗ ಬಿಚ್ಚುವವರಿಗೆ ತಾಮ್ರ ಅನುಕೂಲ. ಆದರೆ ಒಮ್ಮೆ ಒತ್ತಿದ ತಾಮ್ರ ಗಡುಸಾಗಿರುತ್ತದೆ, ಹಾಗೇ ಮತ್ತೆ ಹಾಕಿದರೆ ಕೂರುವುದಿಲ್ಲ. ಟಾರ್ಚ್‌ನಿಂದ ಮಂಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿ. ಕಬ್ಬಿಣದಂತೆ ಇದು ಗಡುಸಾಗುವುದಿಲ್ಲ, ಮೆತ್ತಗಾಗುತ್ತದೆ. ಮೇಲಿನ ಕಪ್ಪು ಪೊರೆಯನ್ನು ನಯವಾದ ಎಮರಿಯಿಂದ ಉಜ್ಜಿ.

ಯಾವುದೇ ಆಗಲಿ, ಅದರ ಕಿಂಡಿ ಪೋರ್ಟ್‌ಗಿಂತ (ಹೆಡ್‌ನಿಂದ ಹೊಗೆ ಹೊರಬರುವ ತೂತಿಗಿಂತ) ಸುತ್ತಲೂ 1 ಮಿ.ಮೀ.ನಷ್ಟು ದೊಡ್ಡದಿರಲಿ. ಒಳಗೆ ಚಾಚಿದ ಅಂಚು ಹೊಗೆಯ ದಾರಿಗೆ ಅಡ್ಡ ಬಂದು ಮೊದಲು ಸುಡುತ್ತದೆ. ಪೋರ್ಟ್ ಅರೆಸಿ ದೊಡ್ಡದು ಮಾಡಿಸಿದ ಎಂಜಿನ್‌ಗೆ ಕಂಪನಿಯ ಅಳತೆಯ ಪ್ಯಾಕಿಂಗ್ ಹಾಕುವಾಗ ಇದು ಮರೆತುಹೋಗುತ್ತದೆ.

ಸಿಲಿಕೋನ್ ಬೇಡ. ಬಿಸಿ ತಡೆಯುವ ತಾಮ್ರಬಣ್ಣದ ಬಾಂಡ್ ಕೂಡ 350 ಡಿಗ್ರಿ ಆಸುಪಾಸಿನಲ್ಲಿ ಸೋಲುತ್ತದೆ, ಪೋರ್ಟ್ ಬಾಯಲ್ಲಿ ಹೊಗೆ 700ರಿಂದ 900 ಡಿಗ್ರಿ ಇರುತ್ತದೆ. ಸಾಲದ್ದಕ್ಕೆ ಕೆಲವು ಸಿಲಿಕೋನ್‌ಗಳ ಆವಿ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರನ್ನು ಕೆಡಿಸುತ್ತದೆ. ಒಂದರ ಮೇಲೊಂದು ಎರಡು ಪ್ಯಾಕಿಂಗ್ ಇಡುವುದೂ ಬೇಡ.

ಪ್ರಶ್ನೆ: ಎಷ್ಟು ಬಿಗಿದರೂ ನಟ್ಟುಗಳು ಸಡಿಲವಾಗುತ್ತವೆ. ನೈಲಾನ್ ಲಾಕ್ ನಟ್ ಹಾಕಲೇ?
— ಓದುಗರು, ಹುಬ್ಬಳ್ಳಿ

ಉತ್ತರ: ಆ ಬಿಸಿಗೆ ನೈಲಾನ್ ಕರಗಿ ಬರೀ ನಟ್ಟು ಉಳಿಯುತ್ತದೆ. ಸಾಮಾನ್ಯ ಸ್ಪ್ರಿಂಗ್ ವಾಷರ್ ಕೂಡ ಕಾದು ಬಿಗು ಕಳೆದುಕೊಳ್ಳುತ್ತದೆ. ಪೂರ್ತಿ ಲೋಹದ, ತಾಮ್ರಲೇಪದ ಲಾಕ್ ನಟ್ ತನ್ನಿ. ಬೋಲ್ಟ್‌ಗಿಂತ ಸ್ಟಡ್ ಒಳ್ಳೆಯದು: ಹೆಡ್‌ನ ಅಲ್ಯೂಮಿನಿಯಂ ಮರೆಯನ್ನು (ತಿರುಪಿನ ಗೆರೆಗಳನ್ನು) ಪದೇ ಪದೇ ಬಿಚ್ಚಬೇಕಾಗಿಲ್ಲ.

ನಡುವಿನಿಂದ ಶುರು ಮಾಡಿ ಎಡಬಲಕ್ಕೆ ಸರಿಯುತ್ತ ಮೂರು ಸುತ್ತು ಬಿಗಿಯಿರಿ. ಎಂ8 ಸ್ಟಡ್‌ಗೆ 8, 15, ಕೊನೆಗೆ 22 ನ್ಯೂಟನ್ ಮೀಟರ್ ಸಾಮಾನ್ಯ. ನಿಮ್ಮ ಎಂಜಿನ್ನಿನ ಸರ್ವಿಸ್ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಮರೆಗೆ ಆಂಟಿ ಸೀಜ್ (ನಟ್ಟು ಹಿಡಿದುಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಿದ್ದರೆ ಜಾರುವಿಕೆ ಹೆಚ್ಚಿ ಸ್ಟಡ್ ಮೇಲೆ ಎಳೆತ ಏರುತ್ತದೆ, ಹಾಗಾಗಿ ಟಾರ್ಕನ್ನು ಐದನೇ ಒಂದು ಭಾಗದಷ್ಟು ಇಳಿಸಿ. ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗುವವರೆಗೆ ಓಡಿಸಿ, ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ತಣ್ಣಗಿರುವಾಗ ಮತ್ತೆ ಬಿಗಿಯಿರಿ. ಗ್ರಾಫೈಟ್ ಆದರೆ 100 ಕಿ.ಮೀ. ನಂತರ ಇನ್ನೊಮ್ಮೆ. ಬಿಸಿಯಲ್ಲಿ ಬಿಗಿದರೆ ಸ್ಟಡ್ ಕೈಗೇ ಬರುತ್ತದೆ.

ಪ್ರಶ್ನೆ: ಸದ್ದೇನೂ ಇಲ್ಲ, ಆದರೆ ಪ್ಲಗ್ ಕಪ್ಪಾಗಿದೆ, ಮೈಲೇಜ್ ಇಳಿದಿದೆ. ಹೆಡರ್ ಸೋರಿಕೆಯಿಂದ ಹೀಗಾಗುತ್ತದೆಯೇ?
— ಓದುಗರು, ಮಂಗಳೂರು

ಉತ್ತರ: ಆಗಬಹುದು. ಐಡಲ್‌ನಲ್ಲಿ ಹೊಗೆಯ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಪೈಪಿನೊಳಗೆ ಒತ್ತಡ ಇಳಿದು, ಸಂದಿನಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಆಕ್ಸಿಜನ್ ಸೆನ್ಸರಿಗೆ ಆಮ್ಲಜನಕ ಹೆಚ್ಚು ಕಂಡು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಮ್ಮನೆ ಪೆಟ್ರೋಲ್ ಹೆಚ್ಚಿಸುತ್ತದೆ. ಸೆನ್ಸರಿಗಿಂತ ಮುಂಚಿನ ಸೋರಿಕೆ ಮಾತ್ರ ಹೀಗೆ ಮೋಸ ಮಾಡುವುದು. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಎನ್ನುವುದೂ ಇದರ ಗುರುತು.

ಪತ್ತೆಗೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ, ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯನ್ನು ಸೈಲೆನ್ಸರ್ ತುದಿಗೆ ಬಟ್ಟೆ ಸುತ್ತಿ ಕೂರಿಸಿ. ಜೋಡಣೆಗಳ ಮೇಲೆಲ್ಲ ಸೋಪುನೀರು ಸಿಂಪಡಿಸಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಕಂಪ್ರೆಸರ್ ಗಾಳಿ ನೇರ ಬಿಡಬೇಡಿ. ಫ್ಲ್ಯಾಂಜ್ ಅಂಚಿನ ಮಸಿ ಗೆರೆಯೂ ಜಾಗ ತೋರಿಸುತ್ತದೆ. ಸೋರಿಕೆ ಇರುವವರೆಗೆ ಕಿಟಕಿ ಮುಚ್ಚಿ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಪ್ರಶ್ನೆ: ನನ್ನ ಆರ್‌ಎಕ್ಸ್ 100 ಬೈಕಿನ ಬೆಂಡ್ ಪೈಪ್ ಸಿಲಿಂಡರ್‌ಗೆ ಸೇರುವಲ್ಲಿ ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ.
— ಓದುಗರು, ಶಿವಮೊಗ್ಗ

ಉತ್ತರ: ಸೈಲೆನ್ಸರ್‌ನ ಹಿಂದಿನ ಬೋಲ್ಟನ್ನು ಮೊದಲು ಬಿಗಿದಿರಬೇಕು. ಆಗ ಪೈಪು ಓರೆಯಾಗಿ ನಿಂತು ಮುಂದಿನ ರಿಂಗ್ ಒಂದೇ ಬದಿ ಒತ್ತುತ್ತದೆ. ಎಲ್ಲವನ್ನೂ ಸಡಿಲಿಸಿ, ಹೊಸ ರಿಂಗ್ ಹಾಕಿ, ಮುಂದಿನ ನಟ್ಟುಗಳನ್ನು ಒಂದಾದ ಮೇಲೊಂದು ಅರ್ಧ ಸುತ್ತಿನಂತೆ ಬಿಗಿದು, ಹಿಂದಿನದನ್ನು ಕೊನೆಗೆ ಮುಗಿಸಿ. ಆಮೇಲೂ ಎಣ್ಣೆ ಬಂದರೆ ಎಂಜಿನ್‌ಗೆ ಎಣ್ಣೆ ಹಾಯಿಸುವ ಆಟೊಲೂಬ್ ಪಂಪಿನ ಕೇಬಲ್ ಗುರುತು ಸರಿಯಿದೆಯೇ ನೋಡಿಸಿ.