ಪ್ರತಿ: ಟ್ಯಾಟಿಂಗ್ ರಿಂಗ್ ಮುಚ್ಚುತ್ತಿಲ್ಲ, ಎಳೆದರೆ ದಾರ ತುಂಡಾಗುತ್ತೆ

ಮೈಸೂರು ಸಿಲ್ಕ್ ಸೆರಗಿಗೆ ಟ್ಯಾಟಿಂಗ್ ಅಂಚು (ದಾರ ಸುತ್ತಿದ ಶಟಲ್ ಅನ್ನೋ ಪುಟ್ಟ ಸಾಧನದಿಂದ ಗಂಟು ಹಾಕಿ ಮಾಡೋ ಲೇಸು) ಮಾಡ್ತಿದ್ದೀರಿ, ಹಿಂದಿನ ರಿಂಗಿಗೆ, ಅಂದರೆ ಗಂಟುಗಳ ಉಂಗುರಕ್ಕೆ, ಜೋಡಿಸೋವರೆಗೂ ದಾರ ಜಾರುತ್ತೆ, ಆಮೇಲೆ ನಿಂತುಬಿಡುತ್ತೆ ಅಂದಿದ್ದೀರಿ. ಹಾಗಾದರೆ ಜೋಡಣೆಯಲ್ಲೇ ಎಡವಟ್ಟು. ಹಿಂದಿನ ರಿಂಗಿನ ಪಿಕೋದೊಳಗಿಂದ (ಗಂಟುಗಳ ನಡುವೆ ಬಿಟ್ಟ ಪುಟ್ಟ ಕುಣಿಕೆ) ಕ್ರೋಶಾ ಕಡ್ಡಿಯಲ್ಲಿ ಮೇಲಕ್ಕೆ ಎಳೆಯಬೇಕಾದ್ದು ಎಡಗೈಗೆ ಸುತ್ತಿದ ದಾರವನ್ನ. ಶಟಲ್ ದಾರ ಬಂದರೆ ಅಲ್ಲೇ ಬೀಗ ಬಿತ್ತು. ಎಳೆದ ಕುಣಿಕೆಯೊಳಗೆ ಶಟಲ್ ತೂರಿಸಿ, ಎಡಗೈಯ ನಡುಬೆರಳೆತ್ತಿ ಕುಣಿಕೆ ಬಿಗಿಸಿ. ಮುಂದಿನ ಗಂಟಿಗೆ ಹೋಗೋ ಮೊದಲೇ ಶಟಲ್ ದಾರ ಎಳೆದು ನೋಡಿ, ಜಾರಬೇಕು.

ಜೋಡಣೆ ಇಲ್ಲದ ರಿಂಗಲ್ಲೂ ಹೀಗಾದರೆ ಯಾವುದೋ ಅರ್ಧ ಗಂಟು (ಎರಡು ಅರ್ಧ ಸೇರಿದರೆ ಒಂದು ಗಂಟು) ಮಗುಚಿಲ್ಲ. ಶಟಲ್ ದಾರವನ್ನ ಬಿಗಿಯಾಗಿ ಎಳೆಯುವಾಗ ಎಡಗೈ ಬೆರಳು ಸಡಿಲ ಬಿಡಬೇಕು; ಆಗಲೇ ಗಂಟು ಶಟಲ್ ದಾರದಿಂದ ಸುತ್ತಿನ ದಾರಕ್ಕೆ ಹಾರೋದು. ಎರಡೂ ಕೈ ಬಿಗಿ ಹಿಡಿದರೆ ಹಾರಲ್ಲ. ಸಿಕ್ಕಿಕೊಂಡ ಮೇಲೆ ಬಲವಂತ ಮಾಡಬೇಡಿ. ಕೊನೆಯ ಗಂಟಿನಿಂದ ಹಿಂದಕ್ಕೆ ಒಂದೊಂದೇ ಅರ್ಧ ಗಂಟನ್ನ ಸೂಜಿಯಲ್ಲಿ ಸಡಿಲಿಸಿ ಬಿಚ್ಚುತ್ತಾ ಬನ್ನಿ. ಬೇಜಾರಿನ ಕೆಲಸವೇ, ಆದರೆ ದಾರ ಉಳಿಯುತ್ತೆ.

ಟೈಲರಿಂಗ್ ರೀಲಿನ ದಾರ ಕಲಿಯೋರಿಗೆ ತೀರಾ ಸಣ್ಣ, ಗಂಟು ಕಣ್ಣಿಗೇ ಕಾಣಲ್ಲ. 20 ನಂಬರಿನ ಕ್ರೋಶಾ ಕಾಟನ್ ತಗೊಳ್ಳಿ. ನಂಬರ್ ಏರಿದಷ್ಟೂ ದಾರ ತೆಳು. ಮಂಡ್ಯದಲ್ಲಿ ಸಿಗದಿದ್ದರೆ ಮೈಸೂರಿನ ದೇವರಾಜ ಮಾರ್ಕೆಟ್ ಸುತ್ತಮುತ್ತ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಕೇಳಿ.

ಇನ್ನೊಂದು, ಕಡುಗೆಂಪು ದಾರ ಅಂದಿರಿ. ಸೆರಗಿಗೆ ಹೊಲಿಯೋ ಮೊದಲು ಒಂದು ತುಂಡು ನೆನೆಸಿ ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ರೇಷ್ಮೆಯಿಂದ ಆ ಕಲೆ ತೆಗೆಯೋದು ಕಷ್ಟ.