ಯಕ್ಷಗಾನ ತರಗತಿ ಬಿಡಿಸಬೇಡಿ

ಆರನೇ ಕ್ಲಾಸಿನ ಮಗಳು ಕನ್ನಡ ತಡವರಿಸಿ ಓದುತ್ತಾಳೆ, ಕೇರಳದ ಕುಂಬಳೆಯ ಯಕ್ಷಗಾನ ತರಗತಿ ಬಿಡಿಸಿ ಟ್ಯೂಷನ್ನಿಗೆ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಿಸಬೇಡಿ. ಅವಳ ಓದಿಗೆ ಅದೇ ದಾರಿ ಆಗಬಹುದು.

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯನ್ನೇ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ್ಯ ಹಾಡಿದ ಮೇಲೆ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವರು, ಅದನ್ನು ತನ್ನದೇ ಮಾತಲ್ಲಿ ಬೆಳೆಸಬೇಕು, ಎದುರಿನ ಪಾತ್ರ ಕೇಳಿದ್ದಕ್ಕೆ ಅಲ್ಲೇ ಉತ್ತರವನ್ನೂ ಕೊಡಬೇಕು. ಪದ್ಯ ಅರ್ಥವಾಗದೆ ಇದು ಆಗುವ ಕೆಲಸವೇ ಅಲ್ಲ, ಅಲ್ವಾ? ಪಾಠದ ಕೊನೆಯ ಪ್ರಶ್ನೋತ್ತರ ಇಷ್ಟನ್ನು ಮಕ್ಕಳಿಂದ ಕೇಳುವುದೇ ಇಲ್ಲ.

ಅವಳು ಕಲಿಯುತ್ತಿರುವ ಪ್ರಸಂಗದ, ಅಂದರೆ ಪದ್ಯಗಳಲ್ಲಿರುವ ಯಕ್ಷಗಾನ ಕಥೆಯ, ಪುಸ್ತಕವನ್ನು ಮನೆಗೆ ತನ್ನಿ. ದಿನಕ್ಕೆ ಒಂದೇ ಪದ್ಯ ಸಾಕು. ಅವಳು ಜೋರಾಗಿ ಓದಲಿ, ಆಮೇಲೆ ತುಳುವೋ ಮಲಯಾಳವೋ, ಮನೆಯಲ್ಲಿ ಆಡುವ ಭಾಷೆಯಲ್ಲೇ ಅರ್ಥ ಹೇಳಲಿ. ನಡುವೆ ತಪ್ಪಿದರೆ ಸುಮ್ನೆ ಇರಿ, ಮುಗಿದ ಮೇಲೆ ತಿದ್ದಿ. ಕಿವಿಗೆ ಗೊತ್ತಿರುವ ಸಾಲು ಓದುವಾಗ ಹೆದರಿಕೆ ಕಡಿಮೆ.

ಶಾಲೆಯಲ್ಲೂ ಒಮ್ಮೆ ಮಾತಾಡಿ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಸ್ಪರ್ಧೆ ಇದೆ, ಹಾಗಾಗಿ ಬೆಂಬಲ ಕೇಳಲು ಸಂಕೋಚ ಬೇಡ. ಲೈಬ್ರರಿ ಪುಸ್ತಕಗಳು ಕಪಾಟಿನೊಳಗೆ ಬೀಗ ಹಾಕಿಕೊಂಡಿದ್ದರೆ, ವಾರಕ್ಕೊಂದಾದರೂ ಮನೆಗೆ ಕೊಡಿ ಅಂತ ಟೀಚರ್ ಹತ್ತಿರ ಕೇಳಿ. ಅವಳು ಈಗ ಯಾವ ಪ್ರಸಂಗ ಕಲಿಯುತ್ತಿದ್ದಾಳೆ? ತಿಳಿಸಿದರೆ ಸುಲಭದ ಪದ್ಯಗಳನ್ನು ಆರಿಸಿ ಹೇಳುತ್ತೇನೆ.